ಕ್ಯಾರೇಜ್ ರಿಟರ್ನ್

ಟೈಪಿಂಗ್ ಕಲಿತ ಹಿರಿಯರಿಗೆ ಈ ಪದ ಕೈಗೇ ಗೊತ್ತು: ಸಾಲು ಮುಗಿಯುತ್ತ ಬಂದು ಗಂಟೆ ಬಡಿದೊಡನೆ ಎಡಗೈಯಿಂದ ಹಿಡಿ ತಳ್ಳಿದರೆ, ಕಾಗದ ಹೊತ್ತ ಕ್ಯಾರೇಜು ಮೊದಲಿನ ಜಾಗಕ್ಕೆ ಮರಳುತ್ತದೆ. ಟೆಲಿಪ್ರಿಂಟರಿನ ಮೂಲಕ ಅದು ಕಂಪ್ಯೂಟರಿನ ಅಕ್ಷರ ಸಂಕೇತಪಟ್ಟಿಯಾದ ಆಸ್ಕಿಯಲ್ಲಿ 13ನೇ ಸಂಕೇತವಾಯಿತು. ಸಾಲಿಳಿಸುವ ಲೈನ್ ಫೀಡ್ 10ನೆಯದು. ಸಾಲಿನ ಕೊನೆಗೆ ವಿಂಡೋಸ್ ಎರಡನ್ನೂ ಇಡುತ್ತದೆ, ಲಿನಕ್ಸ್ 10ನ್ನಷ್ಟೇ. ಮುಕ್ತ ತಂತ್ರಾಂಶವೊಂದರ ಬಿಲ್ಡ್ ಸ್ಕ್ರಿಪ್ಟು ವಿಂಡೋಸ್‌ನಲ್ಲಿ ಸೇವ್ ಆಗಿ ಲಿನಕ್ಸ್‌ಗೆ ಬಂದರೆ, ಮೊದಲ ಸಾಲಿನಲ್ಲಿರುವ, ಸ್ಕ್ರಿಪ್ಟನ್ನು ನಡೆಸುವ ‘ಬ್ಯಾಷ್’ನ ಹೆಸರಿಗೆ ಕಣ್ಣಿಗೆ ಬೀಳದ ಆ 13 ಅಂಟಿಕೊಂಡಿರುತ್ತದೆ. ಯಂತ್ರದಲ್ಲೇ ಇರುವ ಬ್ಯಾಷ್ ‘ಸಿಗಲಿಲ್ಲ’ ಎಂಬ ದೂರು! ಆಸೆಯಿಂದ ಬಂದ ಹೊಸಬರು ಇಲ್ಲೇ ಕೈಚೆಲ್ಲುವುದು ಬೇಸರದ ಸಂಗತಿ. ‘ಕ್ಯಾಟ್’ ಆಜ್ಞೆಗೆ ದೊಡ್ಡಕ್ಷರದ ‘-ಎ’ ಸೇರಿಸಿ ನೋಡಿದರೆ ಸಾಲಿನ ಕೊನೆಯಲ್ಲಿ ಆ 13 ‘^ಎಂ’ ಆಗಿ ಕಾಣುತ್ತದೆ. ‘ಡಾಸ್‌ಟುಯುನಿಕ್ಸ್’ ಆಜ್ಞೆ ಅದನ್ನು ಅಳಿಸುತ್ತದೆ.