ಅಗ್ಗದ ಕಂಪ್ಯೂಟ್ರು ಸುಧಾರ್ಸಿದ ಕತೆ

ಹೊಳೆನರಸೀಪುರದಿಂದ ನಮ್ಮಕ್ಕನ ಮಗಳು ಬಂದಿದ್ಲು. ಕಮ್ಮಿ ದುಡ್ಡಿಗೆ ತಗೊಂಡ ಲ್ಯಾಪ್‌ಟಾಪು. ಒಂದು ಗಂಟೆಗೇ ಚಾರ್ಜು ಖಾಲಿ, ತೊಡೆ ಮೇಲಿಟ್ರೆ ಕಾದ ಹೆಂಚು. "ನಾನೇ ಸರ್ಯಾಗಿ ಬಳಸ್ತಿಲ್ಲ ಅನ್ಸುತ್ತೆ ಚಿಕ್ಕಮ್ಮ" ಅಂದ್ಲು. ನೋಡ್ರವ್ವ, ಮಿಕ್ಸಿ ಜಾರು ಸೋರಿದ್ರೆ ಅಂಗಡಿ ಮುಂದೆ ನಿಂತು ಕೇಳ್ತೀವಿ. ಕಂಪ್ಯೂಟ್ರು ಕೆಟ್ರೆ ಮಾತ್ರ ತಪ್ಪು ನಮ್ಮದೇ ಅಂತ ಒಪ್ಕೊಂಡ್‌ಬಿಡ್ತೀವಿ. ಅವಳಿಗೆ ಹೇಳಿದ ಕತೆನ ನಿಮಗೂ ಹೇಳ್ತೀನಿ.

ಬಡವರ ಕೈಗೂ ಕಂಪ್ಯೂಟರ್ ಸಿಗಬೇಕು ಅನ್ನೋ ಮಾತು ಬೆಂಗಳೂರಲ್ಲಿ 1998ರಲ್ಲೇ ಎದ್ದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರು ಎನ್‌ಕೋರ್ ಕಂಪ್ನಿಯವರ ಜೊತೆ ಸೇರಿ 'ಸಿಂಪ್ಯೂಟರ್' ಮಾಡಿದ್ರು. ಮಾದರಿ ಹೊರಗೆ ಬಂದಿದ್ದು 2001ರಲ್ಲಿ. ಅಂಗೈಯಷ್ಟು ಯಂತ್ರ, ಕಡ್ಡೀಲಿ ಒತ್ತಿದ್ರೆ ಕೆಲಸ ಮಾಡೋದು. ಓದು ಬರದೋರಿಗೆ ಅಂತ ಕನ್ನಡದಲ್ಲಿ ಓದಿ ಹೇಳೋ ಏರ್ಪಾಡೂ ಇತ್ತು. ಒಂದು ಮನೆಗೆ ಒಂದು ಕೊಳ್ಳಕ್ಕಾಗ್ದಿದ್ರೆ ಊರಿಗೊಂದು ಇರ್ಲಿ, ಒಬ್ಬೊಬ್ರೂ ತಮ್ಮ ತಮ್ಮ ಕಾರ್ಡು ಹಾಕಿ ಬಳಸ್ಲಿ ಅಂತ ಯೋಚ್ನೆ ಮಾಡಿದ್ರು. ನಮ್ಮ ಪಹಣಿ ಕೊಡೋ 'ಭೂಮಿ' ಯೋಜ್ನೇಲೂ ಇದನ್ನ ಬಳಸಿ ನೋಡಿದ್ರು.

2004ರಲ್ಲಿ ಬಿಇಎಲ್ ಕಾರ್ಖಾನೇಲಿ ತಯಾರಾಗಿ 'ಅಮಿಡಾ' ಹೆಸ್ರಲ್ಲಿ ಅಂಗಡಿಗೆ ಬಂತು. ಬೆಲೆ ಶುರುವಾಗಿದ್ದೇ ಹತ್ರತ್ರ 10,000 ರೂಪಾಯಿಂದ. ಅಷ್ಟೊತ್ತಿಗೆ ಮೊಬೈಲು ಬಂದ್‌ಬಿಟ್ಟಿತ್ತು. ಅಂದ್ಕೊಂಡಷ್ಟು ಹೋಗ್ಲಿಲ್ಲ. ನನಗನ್ಸೋದು, ಬಳಸಿ ತಿರುಗಿ ದೂರು ಹೇಳೋಕೆ ಬೇಕಾದಷ್ಟು ಜನರ ಕೈಗೆ ಅದು ಸೇರ್ಲೇ ಇಲ್ಲ.

ಜನ ಬಳಸಿದ್ರೆ ಏನಾಗುತ್ತೆ ನೋಡಿ. 2007ರಲ್ಲಿ ತೈವಾನಿನ ಆಸುಸ್ ಕಂಪ್ನಿ 7 ಇಂಚು ಪರದೆಯ ಸಣ್ಣ ಲ್ಯಾಪ್‌ಟಾಪ್ ತಂತು. ತಗೊಂಡೋರು ಪರದೆ ಚಿಕ್ಕದು, ಕೀಲಿಮಣೇಲಿ ಬೆರಳು ಆಡಲ್ಲ ಅಂದ್ರು. ಮಾರನೇ ವರ್ಷವೇ 9 ಇಂಚಿನ ಹತ್ರದ್ದು, 10 ಇಂಚಿಂದು ಬಂತು, ಕೀಲಿಮಣೇನೂ ಅಗಲ ಆಯ್ತು.

ನಮ್ಮ ದೇಶದ್ದೇ ಇನ್ನೊಂದು 'ಆಕಾಶ್'. 2011ರ ಅಕ್ಟೋಬರಲ್ಲಿ ವಿದ್ಯಾರ್ಥಿಗಳಿಗೆ ಅಂತ ಸರ್ಕಾರ ತಂದ ಟ್ಯಾಬ್ಲೆಟ್ಟು, ಸರ್ಕಾರಕ್ಕೆ ಬಿದ್ದ ಬೆಲೆ 2,300 ರೂಪಾಯಿ ಒಳಗೆ. ಪರದೆ ಬಲವಾಗಿ ಒತ್ತಬೇಕು, ಬಲು ನಿಧಾನ, ಬ್ಯಾಟ್ರಿ ಬೇಗ ಇಳಿಯುತ್ತೆ ಅಂತ ಬಳಸಿದೋರು ದೂರಿದ್ರು. 2012ರ ನವೆಂಬರಲ್ಲಿ ಬಂದ ಎರಡನೇ ಆಕಾಶ್‌ಗೆ ಬೆರಳು ಸವರಿದ್ರೆ ಸಾಕಾಗೋ ಪರದೆ ಹಾಕಿದ್ರು. 256 ಎಂಬಿ ಇದ್ದ ರ‍್ಯಾಮು 512 ಆಯ್ತು. ಬೆಲೆ ಮಾತ್ರ ಹೆಚ್ಚೂಕಮ್ಮಿ ಅಷ್ಟೇ ಇತ್ತು. ಅಗ್ಗದ್ದು ಅಂದ್ಮೇಲೆ ಹಂಗೇ ಇರುತ್ತೆ ಅಂತ ಎಲ್ರೂ ಬಾಯಿ ಮುಚ್ಕೊಂಡಿದ್ರೆ ಇದಾಗ್ತಿತ್ತಾ?

ಕತೆ ಕೇಳಿ ಹುಡುಗಿ ಕೂತ್ಲು, ಮೂರು ದಿನ ಲೆಕ್ಕ ಬರೆದ್ಲು: ಎಷ್ಟೊತ್ತಿಗೆ ಚಾರ್ಜಿಂದ ತೆಗೆದೆ, ಎಷ್ಟೊತ್ತಿಗೆ ಆರೋಯ್ತು, ಎಲ್ಲಿ ಬಿಸಿ. ಬಿಲ್ಲಿನ ಜೊತೆ ಹಾಸನಕ್ಕೆ ತಗೊಂಡೋಗಿ ಕೊಟ್ಲು. ಬರೀ ಬಾಯಲ್ಲಿ "ಸರಿಯಿಲ್ಲ" ಅಂದಾಗ ವಾಪಸ್ ಕಳ್ಸಿದೋರು, ಲೆಕ್ಕ ನೋಡಿ ಬ್ಯಾಟ್ರಿ ಬದಲಾಯ್ಸಿ ಕೊಟ್ರು. ಅರಕಲಗೂಡು, ಚನ್ನರಾಯಪಟ್ಟಣದ ಅಕ್ಕಂದಿರೇ, ನಿಮ್ಮನೇಲೂ ಇಂಥದ್ದಿದ್ರೆ ಹಂಗೇ ಬರೆದಿಟ್ಕೊಳ್ಳಿ. ಬಿಸಿಯಾಗೋದು ಇನ್ನೂ ನಿಂತಿಲ್ಲ ಕಣ್ರವ್ವ. ಅದಕ್ಕೆ ಎರಡನೇ ಕಾಗ್ದ ಬರೀತಾವ್ಳೆ.