ಆಟಗಾರ ಹೋದ ಮೇಲೆ

ಕಾರವಾರದಿಂದ ಕಾಳಿ ನದಿ ದಾಟಿ, ಮಾಜಾಳಿಯನ್ನು ಹಿಂದೆ ಹಾಕಿದರೆ ಗೋವೆ. ಅಂಕೋಲೆ, ಕಾರವಾರಗಳ ಹುಡುಗನೊಬ್ಬ ಫುಟ್‌ಬಾಲ್ ಚೆನ್ನಾಗಿ ಆಡಿದರೆ 'ಗೋವೆಯ ಕ್ಲಬ್ಬಿಗೆ ಹೋಗು ಮಾರಾಯಾ' ಎನ್ನುವವರು ಇದ್ದೇ ಇರುತ್ತಾರೆ. ಹೋಗಲಿ, ಬೆಳೆಯಲಿ. ಆದರೆ ಅವನಿಗೆ ಚೆಂಡು ಒದೆಯಲು ಕಲಿಸಿದ ಊರ ತಂಡಕ್ಕೆ ಏನು ದಕ್ಕುತ್ತದೆ? ಈ ಪ್ರಶ್ನೆಯ ಬೇರು ಹುಡುಕಲು ಬೆಂಗಳೂರಿನ ಹಳೆಯ ಮೈದಾನಗಳತ್ತ ನೋಡಬೇಕು.

ಮುಂಬಯಿಯ ರೋವರ್ಸ್ ಕಪ್ ಬಹುಕಾಲ ಬ್ರಿಟಿಷ್ ಪಲ್ಟನ್ನುಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1946-47ರಲ್ಲಿ ಮೈಸೂರು ತಂಡ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಇಂಥ ಆಟಗಾರರನ್ನು ಕಲ್ಕತ್ತೆ ಸುಮ್ಮನೆ ಬಿಟ್ಟೀತೆ?

ಅಲ್ಲಿ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ಎಂದರೆ ಎರಡು ಮನೆತನಗಳ ಹಗೆಯಿದ್ದಂತೆ. ಈಸ್ಟ್ ಬೆಂಗಾಲ್ ಹುಟ್ಟಿದ್ದೇ ಒಬ್ಬ ಆಟಗಾರನ ಜಗಳದಿಂದ: 1920ರಲ್ಲಿ ಮೋಹನ್ ಬಾಗಾನ್ ವಿರುದ್ಧದ ಪಂದ್ಯಕ್ಕೆ ಜೋಡಾಬಾಗಾನ್ ಕ್ಲಬ್ಬು ಶೈಲೇಶ್ ಬೋಸರನ್ನು ಕೈಬಿಟ್ಟಿತು, ಅದನ್ನು ಸಹಿಸದವರು ಹೊಸ ಕ್ಲಬ್ಬು ಕಟ್ಟಿದರು. ಬೆಂಗಳೂರಿನ ಅಹ್ಮದ್ ಖಾನ್ 1949ರಲ್ಲಿ ಈ ಕ್ಲಬ್ಬು ಸೇರಿದರು. ಅವರು, ಧನರಾಜ್, ವೆಂಕಟೇಶ್, ಅಪ್ಪಾರಾವ್, ಸಾಲೆ, ಈ ಐವರೂ ದಕ್ಷಿಣದವರೇ. ಬಂಗಾಳಿಗರು ಇವರನ್ನು 'ಪಂಚ ಪಾಂಡವರು' ಎಂದರು. 1949ರಿಂದ 1951ರವರೆಗೆ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಈಸ್ಟ್ ಬೆಂಗಾಲಿನದಾಯಿತು.

ಆಗ ಆಟಗಾರ ಕಾಗದದ ಮೇಲೆ ಹವ್ಯಾಸಿ. ಹವ್ಯಾಸಿಗೆ ಬೆಲೆ ಕಟ್ಟುವ ಹಾಗಿಲ್ಲ. ಹಾಗಾಗಿ ಬೆಳೆಸಿದ ಕ್ಲಬ್ಬು ಕೇಳುವ ಹಾಗೂ ಇಲ್ಲ. ಮುಂದೆ ಕಲ್ಕತ್ತೆಯ ವರ್ಗಾವಣೆ ಋತು ಬಂತೆಂದರೆ ಸಹಿಯ ದಿನದವರೆಗೂ ಆಟಗಾರರನ್ನು ಬಚ್ಚಿಟ್ಟು ಕಾಯುವುದು ರೂಢಿಯಾಯಿತು. ಚೌಕಾಸಿಯಲ್ಲಿ ಇದ್ದವರು ಎರಡು ದೊಡ್ಡ ಕ್ಲಬ್ಬುಗಳು ಮತ್ತು ಆಟಗಾರ. ಮೊದಲ ಗುರುವಿಗೆ ಅಲ್ಲಿ ಮಣೆ ಹಾಕಿದವರಿಲ್ಲ.

2001ರಲ್ಲಿ ಫೀಫಾ ಈ ಮರೆವಿಗೊಂದು ಮದ್ದು ಕೊಟ್ಟಿತು. ದೇಶದಿಂದ ದೇಶಕ್ಕೆ ಆಟಗಾರ ಹೋದಾಗ ವರ್ಗಾವಣೆ ಹಣದಲ್ಲಿ ಶೇಕಡಾ 5ನ್ನು, 12ರಿಂದ 23ನೇ ವಯಸ್ಸಿನ ನಡುವೆ ಅವನನ್ನು ತರಬೇತುಗೊಳಿಸಿದ ಕ್ಲಬ್ಬುಗಳಿಗೆ ಹಂಚಬೇಕು. ಕಾರವಾರದಿಂದ ಮಡಗಾಂವಿಗೆ ಹೋದರೆ ಈ ಪಾಲು ಇಲ್ಲ. ಅದೇ ಹುಡುಗ ಅಲ್ಲಿಂದ ಪರದೇಶದ ಕ್ಲಬ್ಬಿಗೆ ಮಾರಾಟವಾದರೆ ಇದೆ. ಆದರೆ ಹುಡುಗ ತನ್ನಲ್ಲಿ ಆಡಿದ್ದಕ್ಕೆ ತಂಡದ ಬಳಿ ನೋಂದಣಿಯ ದಾಖಲೆ ಇರಬೇಕು.

ನಮ್ಮ ಊರ ತಂಡಗಳು ಟ್ರೋಫಿಗಳನ್ನು ಗಾಜಿನ ಕಪಾಟಿನಲ್ಲಿ ಇಟ್ಟು ಕಾಯುತ್ತವೆ. ಹುಡುಗರ ಹೆಸರು, ವಯಸ್ಸು, ಸೇರಿದ ತಾರೀಖುಗಳ ಪುಸ್ತಕಕ್ಕೂ ಅಲ್ಲೇ ಒಂದು ಜಾಗ ಮಾಡಿದರೆ ಒಳ್ಳೆಯದು.