ಮನೆಗೆ ಕಂಪ್ಯೂಟರ್: ರೆಡಿ ತಗೊಳ್ಳೋದಾ, ಜೋಡಿಸೋದಾ? ಮಳೆ, ಕರೆಂಟು, ದುಡ್ಡು ಮೂರೂ ನೋಡಿ ಒಂದು ಲೆಕ್ಕ

ಶಿರಸಿ: ಅಡಿಕೆ ಸೊಸೈಟಿಗೆ ಹೋಗಿ ಕೈಯಲ್ಲಿ ನಾಲ್ಕು ಕಾಸು ಆಡಿತು ಅಂದ್ರೆ ಮುಂದೂಡಿದ ಖರೀದಿಗಳೆಲ್ಲ ನೆನಪಾಗ್ತವೆ. ಅದರಲ್ಲಿ ಈಗ ಕಂಪ್ಯೂಟರ್ ಒಂದು ಇದ್ದೇ ಇರ್ತದೆ. ಮಗಳು ಬಿಸಿಎ ಸೇರಿದ್ದಾಳೆ, ಮಗ ಟ್ಯಾಲಿ ಕಲೀತಿದ್ದಾನೆ, ಬೆಂಗಳೂರು ಬಿಟ್ಟು ಬಂದ ಅಣ್ಣ ಮನೆಯಿಂದಲೇ ಕೆಲಸ ಮಾಡ್ತಾನೆ, ಇಲ್ಲ ಅಂದ್ರೆ ಯಕ್ಷಗಾನದ ವಿಡಿಯೋ ಎಡಿಟ್ ಮಾಡೋ ಆಸೆ. ಬಜೆಟ್ ಹೆಚ್ಚಿನವರದ್ದು 25ರಿಂದ 35 ಸಾವಿರ. ಪ್ರಶ್ನೆಯೂ ಒಂದೇ: ಕಂಪನಿಯ ರೆಡಿ ಡಬ್ಬ ತರೋದಾ, ಬಿಡಿಭಾಗ ತಂದು ಜೋಡಿಸೋದಾ?

ಯೂಟ್ಯೂಬಲ್ಲಿ ಕೇಳಿದ್ರೆ ಉತ್ತರ ತಯಾರಿದೆ. ಜೋಡಿಸಿ, ಅಗ್ಗ ಆಗ್ತದೆ ಅಂತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಮೆಟ್ರೋದಲ್ಲಿ ಹೋಗಿ ಬರುವವರಿಗೆ ಅದು ಸರಿ ಇರಬಹುದು. ನಮ್ಮ ಮೂರು ತಾಲೂಕಿನಲ್ಲಿ ಕಂಪ್ಯೂಟರ್ ಹಳೆಯದಾಗಿ ಸಾಯೋದು ಕಡಿಮೆ. ಗುಡುಗಿಗೆ, ವೋಲ್ಟೇಜಿಗೆ, ತೇವಕ್ಕೆ ಸಾಯ್ತದೆ. ಸತ್ತ ಮೇಲೆ ಅದನ್ನ ಎತ್ಕೊಂಡು ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿ.ಮೀ., ಯಲ್ಲಾಪುರದಿಂದ ಸುಮಾರು 70 ಕಿ.ಮೀ. ಬಸ್ಸಲ್ಲಿ ಹೋಗಬೇಕು. ಸಿದ್ದಾಪುರದವರಿಗೆ ಮೊದಲು ಶಿರಸಿ ಅಥವಾ ಸಾಗರ, ಆಮೇಲೆ ಮುಂದಿನ ಮಾತು. ಹಾಗಾಗಿ ಎಷ್ಟಕ್ಕೆ ಸಿಗ್ತದೆ ಅನ್ನೋದಕ್ಕಿಂತ ಮೊದಲು, ಹಾಳಾದ್ರೆ ಯಾರು ನೋಡ್ತಾರೆ ಅಂತ ಕೇಳ್ಕೊಳ್ಳಬೇಕು.

ಇದು ನಾನು ಪುಸ್ತಕ ಓದಿ ಹೇಳ್ತಿರೋದಲ್ಲ. ಡಿಗ್ರಿ ಮೊದಲ ವರ್ಷದಲ್ಲಿ ಮನೆಯ ಅಡಿಕೆ ದುಡ್ಡಲ್ಲಿ 28 ಸಾವಿರ ಇಸ್ಕೊಂಡು ನಾನೇ ಒಂದನ್ನ ಜೋಡಿಸಿದ್ದೆ. ಪ್ರೊಸೆಸರ್ ಒಂದು ಕಡೆ, ಬೋರ್ಡ್ ಇನ್ನೊಂದು ಕಡೆ, ಎಲ್ಲಿ ಕಡಿಮೆಯೋ ಅಲ್ಲಿ. ದುಡ್ಡು ಉಳಿಸೋಕೆ ಹೆಸರಿಲ್ಲದ ಎಸ್‌ಎಂಪಿಎಸ್ ಹಾಕಿದೆ, ಯುಪಿಎಸ್ ಮುಂದಿನ ವರ್ಷ ನೋಡುವಾ ಅಂದೆ. ಮೇ ತಿಂಗಳ ಮೊದಲ ಗುಡುಗಿಗೇ ಟಪ್ ಅಂತು. ಎಸ್‌ಎಂಪಿಎಸ್ ಹೋಗುವಾಗ ಬೋರ್ಡನ್ನೂ ಕರ್ಕೊಂಡು ಹೋಯ್ತು. ವಾರಂಟಿಗೆ ಕಳಿಸಿದ್ದು ಸುಟ್ಟ ಗುರುತಿದೆ ಅಂತ ಹಾಗೇ ವಾಪಸ್ ಬಂತು. ತಪ್ಪು ಅವರದ್ದಲ್ಲ, ಸಿಡಿಲು, ವೋಲ್ಟೇಜ್‌ನಿಂದ ಆದ ಹಾನಿಯನ್ನ ವಾರಂಟಿಗಳು ಸಾಮಾನ್ಯವಾಗಿ ಒಪ್ಪೋದಿಲ್ಲ. ಆ ಸೆಮಿಸ್ಟರ್ ಇಡೀ ನನ್ನ ಹತ್ರ ಮಷಿನ್ ಇರಲಿಲ್ಲ. ಕಾಲೇಜು ಬಿಟ್ಟಿದ್ದಕ್ಕೆ ಅದೇ ಕಾರಣ ಅಂತ ಹೇಳಲ್ಲ, ಆದ್ರೆ ಅಪ್ಪನ ಹತ್ರ ಮತ್ತೆ ದುಡ್ಡು ಕೇಳೋ ಮುಖ ಇರಲಿಲ್ಲ ಅನ್ನೋದು ನಿಜ.

ಮೊದಲ ಖರ್ಚು ಕರೆಂಟಿಗೆ

ಹಾಗಾಗಿ ಯಾವ ಪ್ರೊಸೆಸರ್ ಅನ್ನೋ ಮೊದಲು ಮನೆಯ ಅರ್ಥಿಂಗ್ ನೋಡಿಸಿ. ಕಂಪ್ಯೂಟರ್ ಇಡೋ ಕಡೆಯ ಪ್ಲಗ್ ಪಾಯಿಂಟಲ್ಲಿ ಇಲೆಕ್ಟ್ರಿಷಿಯನ್ ಹತ್ರ ಮೀಟರ್ ಇಡಿಸಿ: ಫೇಸ್–ನ್ಯೂಟ್ರಲ್ ಮಧ್ಯ ಎಷ್ಟು ತೋರಿಸ್ತದೋ ಫೇಸ್–ಅರ್ಥ್ ಮಧ್ಯವೂ ಹೆಚ್ಚು ಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್–ಅರ್ಥ್ ಮಧ್ಯ ಒಂದೆರಡು ವೋಲ್ಟ್‌ಗಿಂತ ಜಾಸ್ತಿ ಇದ್ರೆ ಏನೋ ಸರಿಯಿಲ್ಲ. ಹಳೇ ಮನೆಗಳಲ್ಲಿ ಮೂರು ಪಿನ್ನಿನ ಬೋರ್ಡ್ ಇದ್ರೂ ಹಿಂದೆ ಅರ್ಥ್ ವೈರೇ ಇರೋದಿಲ್ಲ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್ ಅಂತ ಬರೆದ ಎಕ್ಸ್‌ಟೆನ್ಷನ್ ಬೋರ್ಡಿಗೆ ದುಡ್ಡು ಕೊಟ್ಟು ಹೆಚ್ಚು ಪ್ರಯೋಜನ ಇಲ್ಲ.

ಎರಡನೇದು ಯುಪಿಎಸ್. 600 ವಿಎ ಅಂತ ಬರೆದಿರೋದು ಸಾಮಾನ್ಯವಾಗಿ 360 ವ್ಯಾಟ್ ಹೊರ್ತದೆ, ಮನೆಯ ಕಂಪ್ಯೂಟರಿಗೆ ಸಾಕು. ಅದು ಗಂಟೆಗಟ್ಟಲೆ ನಡೆಸೋಕಲ್ಲ, ಕೆಲಸ ಸೇವ್ ಮಾಡಿ ಆಫ್ ಮಾಡೋಕೆ. ಅದಕ್ಕಿಂತ ದೊಡ್ಡ ಉಪಕಾರ ಏನಂದ್ರೆ ಒಳಗಿರೋ ವೋಲ್ಟೇಜ್ ತಿದ್ದೋ ವ್ಯವಸ್ಥೆ. ಪೆಟ್ಟಿಗೆ ಮೇಲೆ ಇನ್‌ಪುಟ್ ರೇಂಜ್ ಓದಿ, ಸುಮಾರು 140ರಿಂದ 300 ವೋಲ್ಟ್ ಇರೋದನ್ನ ತಗೊಳ್ಳಿ. ತೋಟಕ್ಕೆ ನೀರು ಬಿಡೋ ದಿನಗಳಲ್ಲಿ ಎಲ್ಲರ ಪಂಪ್ ಒಟ್ಟಿಗೆ ಶುರುವಾದಾಗ ಲೈನಿನ ಕೊನೆಯ ಮನೆಯಲ್ಲಿ ಬಲ್ಬ್ ಹೇಗೆ ಕೆಂಪಾಗ್ತದೆ ಅಂತ ಗೊತ್ತಿರೋರಿಗೆ ಇದು ವಿವರಿಸಬೇಕಿಲ್ಲ.

ಮನೆಯಲ್ಲಿ ಇನ್ವರ್ಟರ್ ಇದೆ, ಯುಪಿಎಸ್ ಯಾಕೆ ಅಂತ ಸುಮಾರು ಜನ ಕೇಳ್ತಾರೆ. ಅನೇಕ ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರ್ತದೆ, ಹೆಚ್ಚಾಗಿ ಹಿಂಭಾಗದಲ್ಲಿ. ಅದನ್ನ ಹಾಕಿದ್ರೆ ಕರೆಂಟ್ ಹೋದಾಗ ಬ್ಯಾಟರಿಗೆ ಬೇಗ ಬದಲಾಗ್ತದೆ, ಕಂಪ್ಯೂಟರ್ ರೀಸ್ಟಾರ್ಟ್ ಆಗೋದು ತಪ್ಪಬಹುದು. ಆದ್ರೆ ಇನ್ವರ್ಟರ್ ಪ್ಯೂರ್ ಸೈನ್ ವೇವ್ ಆಗಿರಬೇಕು. ಹಳೇ ಸ್ಕ್ವೇರ್ ವೇವ್ ಆದ್ರೆ ಕೆಲವು ಒಳ್ಳೇ ಎಸ್‌ಎಂಪಿಎಸ್‌ಗಳೇ ಹಠ ಮಾಡಿ ಆಫ್ ಆಗ್ತವೆ.

ಇವೆಲ್ಲ ಇದ್ರೂ ಸಿಡಿಲಿಗೆ ಮದ್ದು ಒಂದೇ: ಪ್ಲಗ್ ಕೀಳೋದು. ಸ್ವಿಚ್ ಆಫ್ ಮಾಡಿದ್ರೆ ಸಾಲದು. ಮಾಡೆಮ್‌ನಿಂದ ಬರೋ ಲ್ಯಾನ್ ವೈರನ್ನೂ ಕೀಳಿ. ಫೈಬರ್ ಎಳೆ ಗಾಜಿಂದು, ಅದರಲ್ಲಿ ಕರೆಂಟ್ ಹರಿಯಲ್ಲ, ಆದ್ರೆ ಮಾಡೆಮ್ಮಿನ ಅಡಾಪ್ಟರ್ ಇರೋದು ಅದೇ ಹೆಸ್ಕಾಂ ಲೈನಲ್ಲಿ.

ಜೋಡಿಸೋ ಲೆಕ್ಕ ಈಗ ತಲೆಕೆಳಗು

ಎರಡು ವರ್ಷದ ಹಿಂದೆ ಈ ಬರಹ ಬರೆದಿದ್ರೆ ಜೋಡಿಸೋದಕ್ಕೆ ಇನ್ನೂ ಸ್ವಲ್ಪ ಜಾಗ ಕೊಡ್ತಿದ್ದೆ. 2025ರ ಕೊನೆಯಿಂದ ರ‍್ಯಾಮ್ ದರ ಏರಿದ ಪರಿ ನೋಡಿ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚಿಕೊಳ್ತಿವೆ, ಮನೆಬಳಕೆಗೆ ಉಳಿಯೋದು ಕಡಿಮೆ. ಮೈಕ್ರಾನ್ ಕಂಪನಿಯಂತೂ ಕ್ರೂಷಿಯಲ್ ಹೆಸರಲ್ಲಿ ಗ್ರಾಹಕರಿಗೆ ಮಾರೋದನ್ನೇ ನಿಲ್ಲಿಸ್ತೇವೆ ಅಂತ 2025ರ ಡಿಸೆಂಬರಲ್ಲಿ ಹೇಳಿತು. ಎಸ್‌ಎಸ್‌ಡಿ ದರವೂ ಹಿಂದೆಯೇ ಹೊರಟಿದೆ. ಹಾಗಾಗಿ ಈ ಎರಡರ ದರ ಮಾತ್ರ ಖರೀದಿ ಮಾಡೋ ದಿನವೇ ಕೇಳಿ, ಹೋದ ತಿಂಗಳ ಕೊಟೇಶನ್ ನಂಬಬೇಡಿ.

ಅಂದಾಜು ಹೇಳೋದಾದ್ರೆ, ಐ3-12100 ತರದ ಪ್ರೊಸೆಸರ್ ಮತ್ತು ಬೋರ್ಡ್ ಸೇರಿ 16 ಸಾವಿರದ ಆಸುಪಾಸು, ಕ್ಯಾಬಿನೆಟ್ಟು ಮತ್ತೆ ಹೆಸರಿರೋ ಎಸ್‌ಎಂಪಿಎಸ್ ಸೇರಿ ಸುಮಾರು 5, ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ 8ರಿಂದ 12. ಡಬ್ಬ ಒಂದಕ್ಕೇ 30 ಸಾವಿರ ಮುಟ್ಟಿತು. ಅದರ ಮೇಲೆ ಮಾನಿಟರ್, ಯುಪಿಎಸ್, ಕೀಬೋರ್ಡ್. ವಿಂಡೋಸ್ ನ್ಯಾಯವಾಗಿ ತಗೊಂಡ್ರೆ ಇನ್ನೊಂದು 10 ಸಾವಿರದ ಹತ್ತಿರ. 35 ಸಾವಿರದವರಿಗೆ ಇದು ಹೊಂದೋ ಮಾತಲ್ಲ.

ಹಾಗಂತ ಜೋಡಿಸೋದು ಸುಳ್ಳಲ್ಲ. ವಿಡಿಯೋ ಎಡಿಟಿಂಗ್, ತ್ರೀಡಿ, ಗೇಮ್ ಬೇಕು, ಮುಂದೆ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು, ಬಜೆಟ್ 50 ದಾಟ್ತದೆ ಅನ್ನೋರು ಜೋಡಿಸಿ. ಒಂದೊಂದೇ ಭಾಗ ಬದಲಿಸಬಹುದು, ಡಬ್ಬಿಯಲ್ಲಿ ಬರೋ ಪ್ರೊಸೆಸರಿಗೆ 3 ವರ್ಷದ ವಾರಂಟಿ ಇರ್ತದೆ. ಒಂದು ಬಲೆ ಮಾತ್ರ ನೆನಪಿಡಿ: ಇಂಟೆಲ್ ಪ್ರೊಸೆಸರ್ ನಂಬರಿನ ಕೊನೆಗೆ ಎಫ್ ಇದ್ರೆ (12100ಎಫ್ ಹಾಗೆ) ಅದರೊಳಗೆ ಗ್ರಾಫಿಕ್ಸ್ ಇಲ್ಲ. ಸಾವಿರ ಎರಡು ಸಾವಿರ ಕಡಿಮೆ ಅಂತ ತಂದು, ಜೋಡಿಸಿ, ಮಾನಿಟರಲ್ಲಿ ಏನೂ ಬರದೇ ಕೂತವರಿದ್ದಾರೆ. ಎಎಂಡಿಯಲ್ಲಿ 5600ಜಿ ತರದ, ಕೊನೆಗೆ ಜಿ ಇರೋದನ್ನ ನೋಡಿ.

ಮತ್ತೆ, ಜೋಡಿಸೋದು ಅಂದ್ರೆ ನೀವೇ ಸ್ಕ್ರೂಡ್ರೈವರ್ ಹಿಡಿಬೇಕು ಅಂತಲ್ಲ. ಪೇಟೆಯ ಅಂಗಡಿಯಲ್ಲೇ ಜೋಡಿಸಿ ಕೊಡ್ತಾರೆ. ಆನ್‌ಲೈನಿಗಿಂತ ಒಂದೆರಡು ಸಾವಿರ ಹೆಚ್ಚಾಗಬಹುದು, ಕೊಡಿ. ಅದು ಜುಲೈಯಲ್ಲಿ ನೀವು ಫೋನ್ ಮಾಡಿದಾಗ ಎತ್ತೋದಕ್ಕೆ ಕೊಟ್ಟ ದುಡ್ಡು. ಆದ್ರೆ ಬಿಲ್ಲಲ್ಲಿ "ಕಂಪ್ಯೂಟರ್ ಒಂದು" ಅಂತ ಬರೆಸಬೇಡಿ. ಪ್ರತಿ ಭಾಗದ ಮಾಡೆಲ್, ಸೀರಿಯಲ್ ನಂಬರ್, ಜಿಎಸ್‌ಟಿ ಬಿಡಿಬಿಡಿಯಾಗಿ ಇರಬೇಕು. ಇಲ್ಲ ಅಂದ್ರೆ ವಾರಂಟಿ ದಿನ ಆ ಕಾಗದಕ್ಕೆ ಬೆಲೆ ಇಲ್ಲ.

ನನ್ನ ಮತ: ಆಫೀಸಿನಿಂದ ಬಂದ ಸಣ್ಣ ಡಬ್ಬ

ಓದು, ಟ್ಯಾಲಿ, ಆನ್‌ಲೈನ್ ಕ್ಲಾಸ್, ಅರ್ಜಿ ತುಂಬೋದು, ಕೋಡಿಂಗ್ ಕಲಿಯೋದು ಇಷ್ಟಕ್ಕೇ ಆದ್ರೆ ದೊಡ್ಡ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಡೆಸ್ಕ್‌ಟಾಪ್‌ಗಳೇ ಒಳ್ಳೇದು. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಈ ಹೆಸರಲ್ಲಿ ಬರ್ತವೆ. ಇವುಗಳಲ್ಲಿ ಹೆಚ್ಚಿನವಕ್ಕೆ ವಿಂಡೋಸ್ ಲೈಸೆನ್ಸ್ ಬೋರ್ಡಿನಲ್ಲೇ ಕೂತಿರ್ತದೆ, ಅಂದ್ರೆ ಮೇಲೆ ಹೇಳಿದ 10 ಸಾವಿರ ಉಳೀತು.

ಇಲ್ಲಿ ಮೋಸ ಆಗೋದು "ಐ5 ಇದೆ" ಅನ್ನೋ ಮಾತಲ್ಲಿ. ಐ5 ಅಂದ ಮಾತ್ರಕ್ಕೆ ಏನೂ ಹೇಳಿದಂಗಾಗಲಿಲ್ಲ. ಮುಂದಿನ ನಂಬರ್ ನೋಡಿ: ಐ5-6500 ಅಂದ್ರೆ ಆರನೇ ತಲೆಮಾರು, 2015ರದ್ದು. ಐ5-8500 ಅಂದ್ರೆ ಎಂಟನೇದು, 2018ರದ್ದು. ಮೈಕ್ರೋಸಾಫ್ಟ್ ವಿಂಡೋಸ್ 10ರ ಉಚಿತ ಬೆಂಬಲವನ್ನ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ವಿಂಡೋಸ್ 11ಕ್ಕೆ ಇಂಟೆಲಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಮೇಲಿನದ್ದೇ ಆಗಬೇಕು. ದೊಡ್ಡ ಊರಿನ ಆಫೀಸುಗಳು ಆರು-ಏಳನೇ ತಲೆಮಾರಿನದ್ದನ್ನ ರಾಶಿ ರಾಶಿ ಹೊರಗೆ ಹಾಕ್ತಿರೋದು ಇದಕ್ಕೇ. ಅವೇ ಅಗ್ಗದಲ್ಲಿ ನಮ್ಮ ಪೇಟೆಗೆ ಬರ್ತವೆ.

ಇವುಗಳಲ್ಲೂ ಎರಡು ಜಾತಿ. ಸಪೂರ ಟವರ್ ತರದ್ದರಲ್ಲಿ ಎಸ್‌ಎಂಪಿಎಸ್ಸು, ಬೋರ್ಡು ಅದೇ ಕಂಪನಿಯ ವಿಶೇಷ ಅಳತೆಯದ್ದು. ಮಳೆಗಾಲದಲ್ಲಿ ಎಸ್‌ಎಂಪಿಎಸ್ ಹೋದ್ರೆ ಶಿರಸಿಯಲ್ಲಿ ಸಿಗೋ ಮಾಮೂಲಿದು ಅದಕ್ಕೆ ಕೂರಲ್ಲ. ಇನ್ನೊಂದು ಜಾತಿ ಡಬ್ಬಿ ಪುಸ್ತಕದಷ್ಟು ದೊಡ್ಡದು, ಮೈಕ್ರೋ, ಮಿನಿ, ಟೈನಿ ಅಂತ ಕರೀತಾರೆ. ಅದು ಲ್ಯಾಪ್‌ಟಾಪ್ ತರದ ಹೊರಗಿನ ಅಡಾಪ್ಟರಿನಿಂದ ನಡೀತದೆ. ನಮ್ಮ ಕಡೆಗೆ ಇದೇ ಹೊಂದೋದು. ವೋಲ್ಟೇಜ್ ಏರಿಳಿದಾಗ ಪೆಟ್ಟು ಮೊದಲು ತಿನ್ನೋದು ಹೆಚ್ಚಾಗಿ ಅಡಾಪ್ಟರ್, ಅದೇ ಕಂಪನಿಯ ಲ್ಯಾಪ್‌ಟಾಪ್ ಅಡಾಪ್ಟರನ್ನ ಪಿನ್ನು, ವ್ಯಾಟ್ ಹೊಂದಿಸಿ ಹಾಕಿದ್ರೆ ಸಾಮಾನ್ಯವಾಗಿ ನಡೀತದೆ. ಪ್ರೊಸೆಸರ್ 35 ವ್ಯಾಟಿಂದು, ಹಾಗಾಗಿ ಇನ್ವರ್ಟರಲ್ಲಿ ಹೆಚ್ಚು ಹೊತ್ತು ಬಾಳ್ತದೆ. ಕೊರತೆಯೂ ಇದೆ: ಗ್ರಾಫಿಕ್ಸ್ ಕಾರ್ಡ್ ಹಾಕೋಕೆ ಜಾಗ ಇಲ್ಲ, ಕೆಲವದರಲ್ಲಿ ಎಚ್‌ಡಿಎಂಐ ಇಲ್ಲದೇ ಡಿಸ್‌ಪ್ಲೇಪೋರ್ಟ್ ಮಾತ್ರ ಇರ್ತದೆ. ಕೇಬಲ್ ನೋಡ್ಕೊಂಡು ತನ್ನಿ.

ಲೆಕ್ಕ: ಎಂಟನೇ ತಲೆಮಾರಿನ ಮಿನಿ, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಸೇರಿ ಅಂದಾಜು 13ರಿಂದ 18 ಸಾವಿರ. ಹೊಸ 22 ಇಂಚಿನ ಮಾನಿಟರ್ 6ರಿಂದ 8. ಯುಪಿಎಸ್ 3ರಿಂದ 4. ಕೀಬೋರ್ಡ್, ಮೌಸ್ ಒಂದು ಸಾವಿರ. 23ರಿಂದ 31ರ ಒಳಗೆ ಮುಗೀತು.

ದುಡ್ಡು ಕೊಡೋ ಮೊದಲು ಅಂಗಡಿಯಲ್ಲೇ ಆನ್ ಮಾಡಿಸಿ. ಸೆಟ್ಟಿಂಗ್ಸ್ ಒಳಗೆ ಆಕ್ಟಿವೇಷನ್ ತೆಗೆದು ವಿಂಡೋಸ್ ಆಕ್ಟಿವ್ ಇದೆಯಾ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಉಚಿತ ತಂತ್ರಾಂಶದಲ್ಲಿ ಎಸ್‌ಎಸ್‌ಡಿಯ ಆರೋಗ್ಯ ಎಷ್ಟು ಪರ್ಸೆಂಟ್ ಉಳಿದಿದೆ ಗೊತ್ತಾಗ್ತದೆ. ಬಯಾಸ್‌ಗೆ ಹಳೇ ಕಂಪನಿಯ ಪಾಸ್‌ವರ್ಡ್ ಇದ್ರೆ ತಗೊಳ್ಳಲೇಬೇಡಿ. ಬಾಯಿಮಾತಿನ "ಆರು ತಿಂಗಳು ನಾವಿದ್ದೇವೆ" ಅನ್ನೋದನ್ನ ಬಿಲ್ ಮೇಲೆ ಬರೆಸಿ, ಸೀಲ್ ಹಾಕಿಸಿ.

ಟ್ಯಾಲಿ ಅಥವಾ ನುಡಿ ಬೇಡ ಅನ್ನೋರು ಲಿನಕ್ಸ್ ಮಿಂಟ್ ಹಾಕಿದ್ರೆ ಆರನೇ ತಲೆಮಾರಿನದ್ದೂ ಚೆನ್ನಾಗೇ ಓಡ್ತದೆ. ಕಗಪ ಕೀಲಿಮಣೆ ಅದರಲ್ಲೂ ಇದೆ. ಆದ್ರೆ ಮನೆಯಲ್ಲಿ ಅದನ್ನ ತಿಳಿದವರು ಒಬ್ಬರಾದ್ರೂ ಬೇಕು.

ಲ್ಯಾಪ್‌ಟಾಪ್ ಕೇಳೋರಿಗೆ

ಮಗಳು ಧಾರವಾಡದಲ್ಲೋ ಮಂಗಳೂರಲ್ಲೋ ಹಾಸ್ಟೆಲಲ್ಲಿ ಇರ್ತಾಳೆ ಅಂದ್ರೆ ಚರ್ಚೆ ಇಲ್ಲ, ಲ್ಯಾಪ್‌ಟಾಪೇ. ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಬೇಕಾದ ಮನೆಗೂ ಅದೇ. ಬರೀ ಮನೆಯಲ್ಲೇ ಇರೋದಾದ್ರೆ ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಕಣ್ಣಿಗೆ, ಬೆನ್ನಿಗೆ ಆರಾಮ, ರಿಪೇರಿಯೂ ಸಸ್ತಾ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನಕ್ಕೆ ಅರ್ಧ ಗಂಟೆಯಾದ್ರೂ, ಗುಡುಗು ಇಲ್ಲದ ಹೊತ್ತು ನೋಡಿ, ಆನ್ ಮಾಡಿ. ಒಳಗಿನ ಬಿಸಿಗೇ ತೇವ ಆರ್ತದೆ. ಪ್ಲಾಸ್ಟಿಕ್ ಕವರ್ ಹೊದಿಸಿದ್ರೆ ಬೂಸು ಬರ್ತದೆ, ಹಳೇ ಹತ್ತಿ ಬಟ್ಟೆ ಸಾಕು. ಗೋಡೆಗೆ ತಾಗಿಸಿ ಇಡಬೇಡಿ, ಅಡಿಕೆ ಬೇಯಿಸೋ ಒಲೆಯ ಹೊಗೆ ಬರೋ ಕೋಣೆಯಲ್ಲಂತೂ ಬೇಡವೇ ಬೇಡ. ಕ್ಯಾಬಿನೆಟ್ಟಿನ ಹಿಂದಿನ ತೂತುಗಳಿಗೆ ಸಣ್ಣ ಜಾಳಿಗೆ ಅಂಟಿಸಿದ್ರೆ ಹಲ್ಲಿ ಒಳಗೆ ಹೋಗಲ್ಲ. ನಾಲ್ಕು ದಿನ ಮುಟ್ಟದೇ ಇದ್ದು ಆನ್ ಮಾಡಿದಾಗ ಬೀಪ್ ಬೀಪ್ ಅಂದು ಪರದೆ ಕಪ್ಪಾಗೇ ಇದ್ರೆ ಹೆದರಿ ಬಸ್ ಹತ್ತಬೇಡಿ. ಪ್ಲಗ್ ಕಿತ್ತು, ರ‍್ಯಾಮ್ ಹೊರಗೆ ತೆಗೆದು, ಬಂಗಾರದ ಬಣ್ಣದ ಅಂಚನ್ನ ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಟಕ್ ಅನ್ನೋವರೆಗೆ ಒತ್ತಿ ಕೂರಿಸಿ. ನಮ್ಮ ಮನೆಯದ್ದು ಹೋದ ಆಗಸ್ಟಲ್ಲಿ ಮೂರು ಸಲ ಹೀಗೇ ಎದ್ದಿದೆ.